ಸಂಗಮದಲ್ಲಿ ಕಾವ್ಯ ಓದಿದ ಅಳತೆ

ಎರಡು ವರ್ಷದ ಹಿಂದೆ, ಅಕ್ಟೋಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ, ನಾನು ಟಿ. ನರಸೀಪುರದ ಸಂಗಮದಲ್ಲಿ ನಿಂತಿದ್ದೆ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಕಡೆಯ ದಡ, ಹೊಳೆಗಿಳಿಯುವ ಮೆಟ್ಟಿಲು, ನೀರಿನಿಂದ ಮೇಲಕ್ಕೆ ನಾಲ್ಕನೆಯದು. ಕೈಯಲ್ಲಿ ಗಡಿಯಾರವೂ ಒಂದು ವಿಷಲ್ಲೂ ಇದ್ದವು. ಎದುರಿಗೆ ಇಪ್ಪತ್ತು ಹೆಜ್ಜೆ ಆಚೆ, ಕಪಿಲಾ ಹೊಳೆಯ ನಡುವಿನ ಮರಳು ದಿಬ್ಬದ ಮೇಲೆ, ನಮ್ಮ ಶಾಲೆಯ ಏಳನೇ ತರಗತಿಯ ಆರು ಮಕ್ಕಳಿದ್ದರು. ಆಕಾಶದಲ್ಲಿ ಮೋಡ ಇರಲಿಲ್ಲ. ಇದನ್ನೆಲ್ಲ ಮೊದಲೇ ಬರೆಯಲು ಕಾರಣವಿದೆ. ಆಮೇಲೆ ಈ ಸಂಗತಿ ಹೇಳಿದವರಲ್ಲಿ ಕೆಲವರು ಮಳೆ ಸುರಿಯುತ್ತಿತ್ತು ಎಂದರು, ಕೆಲವರು ಮೇಷ್ಟ್ರು ಮಕ್ಕಳ ಜೊತೆಯಲ್ಲೇ ಇದ್ದರು ಎಂದರು. ಎರಡೂ ನಿಜವಲ್ಲ.

ನಾವು ಹೊರಟದ್ದು ಆ ದಿನ ಬೆಳಿಗ್ಗೆ ಏಳೂವರೆಗೆ, ಕವಲಂದೆಯ ಬಸ್ ನಿಲ್ದಾಣದಿಂದ. ನಮ್ಮದು ಅಲ್ಲಿಗೆ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆ. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಜೊತೆಗೆ ಕನ್ನಡ ಹೇಳಿಕೊಡುವ ಸಾವಿತ್ರಿ ಮೇಡಂ, ಮತ್ತೆ ಹದಿನೆಂಟು ಮಕ್ಕಳು. ನಂಜನಗೂಡಿನಿಂದ ಸಂಗಮದವರೆಗೆ ಕಪಿಲೆಯನ್ನು ಎರಡು ಕಡೆ ನೋಡಿ ಬರುವುದು, ಬಂದ ಮೇಲೆ ಮಕ್ಕಳೇ ವರದಿ ಬರೆಯುವುದು ನಮ್ಮ ಯೋಜನೆ. ಆರಾರು ಮಕ್ಕಳ ಮೂರು ಗುಂಪು ಮಾಡಿದ್ದೆವು. ಒಂದು ಗುಂಪಿಗೆ ಹೊಳೆಯ ಅಳತೆ, ಒಂದಕ್ಕೆ ಬೆಳೆ ಮತ್ತು ಊಟ, ಇನ್ನೊಂದಕ್ಕೆ ಕಥೆ ಮತ್ತು ಆಚರಣೆ. ಗುಂಪಿನ ಕೆಲಸದಲ್ಲಿ ಮೇಷ್ಟ್ರು ಕೈ ಹಾಕಬಾರದು, ದೂರದಿಂದ ನೋಡಬೇಕು ಎಂದು ನಾನೇ ನಿಯಮ ಮಾಡಿದ್ದೆ. ಅದು ಒಳ್ಳೆಯ ನಿಯಮ ಎಂದು ಆಗ ನಂಬಿದ್ದೆ.

ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಗಂಡುಮಕ್ಕಳ ಹತ್ತಿರ ಕಂಡಕ್ಟರ್ ನಿಂತರು. ಮನು ಎಂಬ ಹುಡುಗ ಅರ್ಧ ಟಿಕೆಟ್ ಕೇಳಿದ.

“ಮೀಸೆ ಬತ್ತಾ ಅದೆ, ಅರ್ಧ ಟಿಕೆಟ್ ಬೇಕಾ ನಿಂಗೆ? ಎದ್ದು ನಿಂತ್ಕ, ನೋಡವಾ.”

ಮನು ನಿಂತ. ಅವನ ತಲೆ ಕಂಡಕ್ಟರರ ಗಡ್ಡದ ಹತ್ತಿರ ಬಂತು. ಹುಡುಗಿಯರು ನಕ್ಕರು. “ಸಾ, ಪುಲ್ ಟಿಕೆಟ್ಟೇ ಕೊಡಿ, ಬುಡಿ” ಎಂದು ಅವನು ಕೂತುಬಿಟ್ಟ.

ಕಿಟಕಿಯ ಪಕ್ಕ ಕಾವ್ಯ ಒಂದು ಉದ್ದನೆಯ ಕೋಲು ಹಿಡಿದು ಕೂತಿದ್ದಳು. ಅವಳು ಹೊಳೆ ಗುಂಪಿನ ನಾಯಕಿ. ಅಪ್ಪ ಶಿವಣ್ಣ ಗಾರೆ ಕೆಲಸದವರು. ಭಾನುವಾರಗಳಲ್ಲಿ ಅವರು ಗೋಡೆ ಎತ್ತುವಾಗ ಟೇಪಿನ ಇನ್ನೊಂದು ತುದಿ ಹಿಡಿಯುವವಳು ಇವಳೇ. ಕೋಲಿಗೆ ಹತ್ತು ಸೆಂಟಿಮೀಟರಿಗೊಂದು ಕೆಂಪು ಗೆರೆ, ನಡುವೆ ಸಣ್ಣ ಕಪ್ಪು ಗೆರೆಗಳನ್ನು ಎಳೆದುಕೊಟ್ಟವರು ಶಿವಣ್ಣನವರೇ. ಕೋಲಿನ ತಳಕ್ಕೆ ಪೇಂಟ್ ಡಬ್ಬದ ಮುಚ್ಚಳವೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಅದನ್ನು ನಾನು ಬಸ್ಸಿನಲ್ಲಿ ನೋಡಿದ್ದೆ. ಯಾಕೆಂದು ಕೇಳಲಿಲ್ಲ.

ಎಂಟೂಕಾಲಿಗೆ ನಂಜನಗೂಡು. ದೇವಸ್ಥಾನದ ಮುಂದೆ ಆಗಲೇ ಜನ ಸೇರಿದ್ದರು. ಬೆಳೆಯ ಗುಂಪಿನವರು ಬಾಳೆಹಣ್ಣು ಮಾರುವ ಹೆಂಗಸಿನ ಹತ್ತಿರ ಪುಸ್ತಕ ಬಿಚ್ಚಿದರು. “ಇದು ನಿಜವಾದ ನಂಜನಗೂಡು ರಸಬಾಳೆಯಾ ಅಜ್ಜಿ?” ಎಂದು ಒಬ್ಬಳು ಕೇಳಿದಳು.

“ನಂಜನಗೂಡೂ ನಿಜ, ಬಾಳೇನೂ ನಿಜ ಕಣವ್ವ. ಮಿಕ್ಕಿದ್ದ ಕೇಳ್ಬ್ಯಾಡ” ಎಂದಳು ಅಜ್ಜಿ. ಮಕ್ಕಳು ಅದನ್ನು ಹಾಗೇ ಬರೆದುಕೊಂಡರು.

ಸ್ನಾನಘಟ್ಟದಲ್ಲಿ ಹೊಳೆ ತೆಳ್ಳಗೆ ಹರಿಯುತ್ತಿತ್ತು. ಹದಿನೈದು ದಿನದಿಂದ ನಮ್ಮ ಕಡೆ ಮಳೆ ಇರಲಿಲ್ಲ. ಮುಳುಗಿ ಎದ್ದವರು ಬಿಟ್ಟುಹೋದ ಹಳೇ ಬಟ್ಟೆ ಮೆಟ್ಟಿಲ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಕಾವ್ಯ ಕೊನೆಯ ಮೆಟ್ಟಿಲಿನಿಂದ ಕೋಲು ಇಳಿಸಿ ಓದಿದಳು, ಮನು ಬರೆದುಕೊಂಡ. ಅವಳು ಒಂದೊಂದು ಕಡೆ ಮೂರು ಸಲ ಓದುತ್ತಿದ್ದಳು. ತಡವಾಗುತ್ತದೆ ಎಂದು ಗುಂಪಿನವರು ಗೊಣಗಿದರು. “ಅಪ್ಪ ಒಂದ್ಸಲ ಅಳದು ಇಟ್ಟಿಗೆ ಮಡಗಲ್ಲ” ಎಂದು ಅವಳು ನಾಲ್ಕನೇ ಜಾಗಕ್ಕೆ ನಡೆದಳು.

ಹತ್ತೂಮುಕ್ಕಾಲಿಗೆ ನರಸೀಪುರದ ಬಸ್ಸು ಸಿಕ್ಕಿತು. ಒಂದು ಗಂಟೆಗೆ ಸ್ವಲ್ಪ ಹೆಚ್ಚು ಹಿಡಿಯಿತು. ದಾರಿಯುದ್ದಕ್ಕೂ ಗದ್ದೆ, ಕಬ್ಬು, ಮತ್ತೆ ಗದ್ದೆ. ದೇವಸ್ಥಾನದ ಹತ್ತಿರದ ಅರಳಿಮರದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ಶಾಲೆಯ ಅಡುಗೆಯವರು ಕಟ್ಟಿಕೊಟ್ಟಿದ್ದ ಚಿತ್ರಾನ್ನ ಬಿಸಿಲಿಗೆ ಸ್ವಲ್ಪ ಒಣಗಿತ್ತು. ಊಟವಾದ ಮೇಲೆ ಸಾವಿತ್ರಿ ಮೇಡಂ ಇನ್ನೆರಡು ಗುಂಪುಗಳನ್ನು ಕರೆದುಕೊಂಡು ದೇವಸ್ಥಾನದೊಳಗೆ ಹೋದರು. ಕಾವೇರಿ, ಕಪಿಲೆಯ ಜೊತೆಗೆ ಇಲ್ಲಿ ಕಣ್ಣಿಗೆ ಕಾಣದ ಮೂರನೆಯ ನೀರೂ ಸೇರುತ್ತದೆ ಎಂದು ಹೇಳುತ್ತಾರಲ್ಲ, ಅದರ ಕಥೆಯನ್ನು ಅಲ್ಲಿನ ಹಿರಿಯರಿಂದ ಕೇಳಿ ಬರೆದುಕೊಳ್ಳುವುದು ಅವರ ಕೆಲಸ.

ಹೊಳೆ ಗುಂಪು ನನ್ನ ಜೊತೆ ಮೆಟ್ಟಿಲಿಗೆ ಬಂತು. ದಡಕ್ಕೂ ಮರಳು ದಿಬ್ಬಕ್ಕೂ ನಡುವೆ ಹರಿಯುತ್ತಿದ್ದ ನೀರು ಪಾದ ಮುಳುಗುವಷ್ಟಿತ್ತು. ಮೊದಲು ನಾನು ದಾಟಿ ನೋಡಿ ಬಂದೆ. ಆಮೇಲೆ ಮಕ್ಕಳನ್ನು ಕಳಿಸಿದೆ. ಮೆಟ್ಟಿಲ ತುದಿಯಲ್ಲಿ ಮೀನು ಹಿಡಿಯುವ ಚಿಕ್ಕಣ್ಣ ಎಂಬುವರು ಬೋರಲು ಹಾಕಿದ ಹರಿಗೋಲಿಗೆ ಒರಗಿ ಬಲೆ ಸರಿಮಾಡುತ್ತಿದ್ದರು. ಅರವತ್ತು ದಾಟಿದ ವಯಸ್ಸು. ಕೋಲು ನೋಡಿ ಮಕ್ಕಳನ್ನು ಕೇಳಿದರು:

“ಏನ್ರವ್ವಾ, ಒಳೆಗೆ ಅಂಗಿ ಒಲಿಸೀರಾ, ಅಳ್ತೆ ತಕ್ಕಳೋಕೆ ಬಂದಿದ್ದೀರಿ?”

“ಊಂ ಕಣ್ ತಾತ, ಉದ್ದ ತೋಳಿಂದು” ಎಂದ ಮನು.

ದಿಬ್ಬದ ಆಚೆ ಅಂಚಿನಲ್ಲಿ, ಮೊಣಕಾಲಿಗಿಂತ ಕೆಳಗಿರುವ ನೀರಿನಲ್ಲಿ ಕೋಲು ನೆಟ್ಟು, ಹತ್ತು ನಿಮಿಷಕ್ಕೊಮ್ಮೆ ನಾನು ವಿಷಲ್ ಊದಿದಾಗ ಅಳತೆ ಓದಬೇಕು. ಜೊತೆಗೆ ತೆಂಗಿನಕಾಯಿ ತೇಲಿಬಿಟ್ಟು ನೀರಿನ ವೇಗ ನೋಡಬೇಕು. ಎರಡು ಗಂಟೆಗೆ ಕಾವ್ಯ ಕೂಗಿ ಹೇಳಿದ ಅಳತೆ ಮೂವತ್ತು. ಎರಡು ಹತ್ತಕ್ಕೆ ಮೂವತ್ತನಾಲ್ಕು. ಎರಡು ಇಪ್ಪತ್ತಕ್ಕೆ ನಲವತ್ತೊಂದು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳಬೇಕು. ಎರಡು ವಾರದ ಹಿಂದೆ ನಮ್ಮೂರ ಕೆರೆಯಲ್ಲಿ ಇದೇ ಕೆಲಸದ ಅಭ್ಯಾಸ ಮಾಡಿಸಿದ್ದೆ. ಅವತ್ತು ಎಲ್ಲರ ಕೋಲೂ ಕೆಸರಲ್ಲಿ ಮೆಲ್ಲಗೆ ಇಳಿದು, ನಿಂತ ನೀರಿನ ಕೆರೆಯಲ್ಲೂ ಅಳತೆ ಏರುತ್ತಾ ಹೋಗಿತ್ತು. ಬೋರ್ಡಿನ ಮೇಲೆ ಚಿತ್ರ ಬರೆದು ನಾನು ಪಾಠ ಮಾಡಿದ್ದೆ: ಅಳತೆ ಏರಿತೆಂದು ನೀರು ಏರಿತು ಅಂದುಕೊಳ್ಳಬೇಡಿ, ಕೋಲು ಇಳಿದಿರುತ್ತದೆ, ಕಿತ್ತು ಮತ್ತೆ ನೆಡಿ. ಆ ಪಾಠ ಚೆನ್ನಾಗಿ ಬಂದಿತ್ತು ಎಂಬ ಸಂತೋಷ ನನಗಿತ್ತು. ನಲವತ್ತೊಂದು ಎಂದು ಕೇಳಿದ ಕೂಡಲೇ ನನಗೆ ಹೊಳೆದದ್ದು ಹೊಳೆಯಲ್ಲ, ಆ ಬೋರ್ಡು.

“ಕೋಲು ಮರಳಲ್ಲಿ ಇಳಿದಿದೆ ಕಾವ್ಯ. ಕಿತ್ತು ಬೇರೆ ಕಡೆ ನೆಡು” ಎಂದು ಕೂಗಿದೆ.

“ಕೋಲು ಇಳ್ದಿಲ್ಲ ಸಾ. ನೀರೇ ಏರ್ತಾ ಅದೆ.”

“ಮಳೆಯೇ ಇಲ್ಲ, ನೀರು ಹೇಗೆ ಏರುತ್ತಮ್ಮ? ಕೆರೆಯಲ್ಲಿ ಏನು ಕಲಿತಿರಿ?”

“ತಳದಲ್ಲಿ ಮುಚ್ಚಳ ಅದೆ ಸಾ. ಇಳಿಯಲ್ಲ ಇದು.”

ನನಗೆ ಆ ಮಾತು ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳಿಕೊಳ್ಳಬಹುದು, ಗಾಳಿ ಇತ್ತು. ಆದರೆ ಕೇಳಿಸಿತು. “ಮೊದಲು ಹೇಳಿದಷ್ಟು ಮಾಡು” ಎಂದೆ.

ಅವಳು ಕೋಲು ಕಿತ್ತಳು. ಅದೇ ಅಂಚಿನಲ್ಲಿ ನಾಲ್ಕು ಹೆಜ್ಜೆ ಆಚೆ, ಅಷ್ಟೇ ಆಳದಲ್ಲಿ ನೆಟ್ಟಳು. ಅವಳ ಪದ್ಧತಿಯಂತೆ ಮೂರು ಸಲ ಓದಿದಳು. ಇದಕ್ಕೆ ಏಳು ನಿಮಿಷವಾಯಿತು. ಆಮೇಲೆ ಅಳತೆ ಹೇಳುವ ಬದಲು ಕೋಲನ್ನು ಹೆಗಲಿಗೆ ಹಾಕಿಕೊಂಡು, ಉಳಿದ ಐವರನ್ನೂ ದಿಬ್ಬದ ನಡುವಿನ ಎತ್ತರಕ್ಕೆ ಕರೆದಳು. ನನ್ನ ವಿಷಲ್ ಇಲ್ಲದೆ ಗುಂಪು ಜಾಗ ಬಿಡಬಾರದು ಎಂಬುದು ನಿಯಮ. ಮನು ನನ್ನ ಕಡೆ ನೋಡಿದ. ಕಾವ್ಯ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

“ನಲವತ್ತೇಳು ಸಾ!” ಎಂದು ಅಲ್ಲಿಂದ ಕೂಗಿದಳು.

ಆಗ ನಾನು ನನ್ನ ಕಾಲ ಕೆಳಗೆ ನೋಡಿದೆ. ಎರಡು ಗಂಟೆಗೆ ನನ್ನ ಕೆಳಗೆ ಮೂರು ಒಣ ಮೆಟ್ಟಿಲುಗಳಿದ್ದವು. ಈಗ ಎರಡು ಇದ್ದವು. ದಡಕ್ಕೂ ದಿಬ್ಬಕ್ಕೂ ನಡುವಿನ ನೀರು ಕೆಂಪಗೆ ತಿರುಗಿ ಕಸಕಡ್ಡಿ ಹೊತ್ತು ಹೋಗುತ್ತಿತ್ತು. ನಾನು ಇಳಿದೆ. ಹರಿವು ತಳದ ಮರಳನ್ನು ಕೊರೆದಿತ್ತು; ಆರು ಹೆಜ್ಜೆಗೆ ತೊಡೆಯವರೆಗೆ ಬಂತು, ಕಾಲ ಕೆಳಗಿನ ಮರಳು ಜಾರತೊಡಗಿತು.

ಹಿಂದಿನಿಂದ ಚಿಕ್ಕಣ್ಣ ಕೂಗಿದರು: “ಮೇಷ್ಟ್ರೇ, ಈಜು ಬತ್ತದಾ?”

“ಇಲ್ಲ.”

“ಅಂಗಾರೆ ಮೇಕ್ಕೆ ಅತ್ತಿ! ನಿಮ್ಮನ್ನ ಎತ್ತಕ್ಕೆ ಇನ್ನೊಬ್ಬ ಬೇಕಾಯ್ತನೆ.”

ನಾನು ಮೆಟ್ಟಿಲಿಗೆ ವಾಪಸು ಹತ್ತಿದೆ. ಅಷ್ಟು ಹೊತ್ತಿಗೆ ಅವರು ಹರಿಗೋಲನ್ನು ಮಗುಚಿ ನೀರಿಗೆ ತಳ್ಳಿದ್ದರು. ನೇರ ಹೋಗಲಿಲ್ಲ. ದಡದ ಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಹತ್ತಿ, ನೀರು ತಾನೇ ದಿಬ್ಬಕ್ಕೆ ಒಯ್ಯುವಂತೆ ಬಿಟ್ಟರು. ಹರಿಗೋಲು ಎರಡು ಸುತ್ತು ತಿರುಗಿ ಮರಳಿಗೆ ತಾಗಿತು. ಒಂದು ಸಲಕ್ಕೆ ಮೂವರು ಎಂದರು. ಮನುವೂ ಇನ್ನಿಬ್ಬರು ಹುಡುಗಿಯರೂ ಮೊದಲು ಬಂದರು. ಕಾವ್ಯ ಮತ್ತು ಇಬ್ಬರು ಹುಡುಗರು ಉಳಿದರು. ದಿಬ್ಬ ಆಗ ಒಂದು ಚಾಪೆಯಷ್ಟು ಅಗಲ ಉಳಿದಿತ್ತು. ಮೂವರೂ ಕೈ ಕೈ ಹಿಡಿದು ನಿಂತಿದ್ದರು. ಒಬ್ಬ ಹುಡುಗ ಅಳುತ್ತಿದ್ದ. ಕಾವ್ಯ ಅವನಿಗೆ ಏನೋ ಹೇಳುತ್ತಿದ್ದಳು, ನಮಗೆ ಕೇಳಿಸಲಿಲ್ಲ. ಗಲಾಟೆ ಕೇಳಿ ಸಾವಿತ್ರಿ ಮೇಡಂ ಮೆಟ್ಟಿಲಿಗೆ ಬಂದರು. ನನ್ನ ತೋಳು ಹಿಡಿದುಕೊಂಡರು.

ಎರಡನೇ ಸಲ ಚಿಕ್ಕಣ್ಣ ದಿಬ್ಬ ಮುಟ್ಟಿದಾಗ ಮಕ್ಕಳ ಮೊಣಕಾಲಿಗೆ ನೀರು ಬಂದಿತ್ತು. “ಕೋಲು ಬುಡವ್ವ, ಕೈ ಕೊಡು” ಎಂದು ಅವರು ಗದರಿಸಿದ್ದು ನಮಗೂ ಕೇಳಿಸಿತು. ಕಾವ್ಯ ಕೋಲು ಬಿಟ್ಟಳು. ವಾಪಸು ಬರುವಾಗ ಹರಿಗೋಲನ್ನು ನೀರು ಬಹಳ ಕೆಳಕ್ಕೆ ಒಯ್ದಿತು. ಅವರು ದಡ ಮುಟ್ಟಿದ್ದು ನಾವು ನಿಂತಲ್ಲಿಂದ ನೂರು ಹೆಜ್ಜೆಯಾದರೂ ಕೆಳಗೆ. ಗಡಿಯಾರ ನೋಡಿದೆ. ಎರಡು ಗಂಟೆ ಐವತ್ತೆಂಟು ನಿಮಿಷ. ಆರು ಮಕ್ಕಳನ್ನು ಎಣಿಸಿದೆ. ಮತ್ತೆ ಎಣಿಸಿದೆ.

ಚಿಕ್ಕಣ್ಣ ಬೀಡಿ ಹಚ್ಚಲು ಹೋದರು, ಕಡ್ಡಿಗಳೆಲ್ಲ ನೆನೆದಿದ್ದವು. “ವೈನಾಡಲ್ಲಿ ಮಳೆಯಂತೆ. ಮೇಲ್ಗಡೆ ಡ್ಯಾಮಿಂದ ನೀರು ಬುಡ್ತೀವಿ ಅಂತ ಬೆಳಿಗ್ಗೆ ಆಟೋದಲ್ಲಿ ಮೈಕ್ ಕಟ್ಟಿ ಸಾರುದ್ರು” ಎಂದರು. “ಸಂಜೆ ಮೇಲೆ ಬತ್ತದೆ ಅನ್ಕಂಡಿದ್ದೆ. ನಿಮಗೆ ಒಂದು ಮಾತು ಹೇಳ್ಬೇಕಿತ್ತು. ನಂದೂ ತಪ್ಪದೆ, ಬುದ್ದಿ.” ಆಟೋ ಸಾರಿದ ಹೊತ್ತಿನಲ್ಲಿ ನಾವು ನಂಜನಗೂಡಿನಲ್ಲಿ ಬಾಳೆಹಣ್ಣು ನೋಡುತ್ತಿದ್ದೆವು. ದಡದಲ್ಲಿ ಯಾರನ್ನಾದರೂ ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಿರಲಿಲ್ಲ.

ನಾಲ್ಕು ಗಂಟೆಯ ಬಸ್ಸು ಹಿಡಿದು ಹೊರಟೆವು. ಹೊಳೆ ಗುಂಪಿನವರು ಒದ್ದೆ ಬಟ್ಟೆಯಲ್ಲೇ ನಿದ್ದೆ ಹೋದರು. ಕಾವ್ಯ ಮಾತ್ರ ಎಚ್ಚರವಾಗಿದ್ದಳು. ನಾನು ಅವಳ ಪಕ್ಕ ಕೂತು, “ನೀನು ಹೇಳಿದ್ದು ಸರಿ ಇತ್ತು ಕಾವ್ಯ. ನನ್ನದು ತಪ್ಪು” ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದಳು: “ನಲವತ್ತೇಳು ಅಂತ ಬರ್ಕಬೋದಾ ಸಾ? ಮನು ಪುಸ್ತಕ ನೆಂದೋಗದೆ.” ಬರೆದುಕೋ ಎಂದು ನನ್ನ ಪುಸ್ತಕ ಕೊಟ್ಟೆ.

ಮರುದಿನ ಭಾನುವಾರ ಆರು ಮನೆಗಳಿಗೂ ನಾನೇ ಹೋಗಿ ನಡೆದದ್ದನ್ನು ಹೇಳಿದೆ. ಹೆಡ್ಮಾಸ್ಟರು, “ಎಲ್ಲರೂ ಬಂದರಲ್ಲ, ದೊಡ್ಡದು ಮಾಡಬೇಡಿ” ಎಂದಿದ್ದರು. ಕೊನೆಯದು ಕಾವ್ಯಳ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಶಿವಣ್ಣ ಗಾರೆಯ ಕರಣೆ ತೊಳೆಯುತ್ತಾ ಕೂತಿದ್ದರು. ಪೂರ್ತಿ ಕೇಳಿದರು. ಕೈ ಒರೆಸಿಕೊಂಡರು.

“ಮುಚ್ಚಳ ಅದೆ ಅಂತ ಹೇಳುದ್ಲಾ ಸಾ ನಿಮಗೆ?”

“ಹೇಳಿದಳು.”

“ಹೇಳುದ್ರೂ ನಂಬನಿಲ್ಲ.”

“ನಂಬಲಿಲ್ಲ ಶಿವಣ್ಣ.”

ಅವರು ಕರಣೆಯನ್ನು ಗೋಡೆಗೆ ಒರಗಿಸಿಟ್ಟರು. ಒಳಗಡೆ ಪಾತ್ರೆಯ ಸದ್ದು ನಿಂತಿತು. “ನಮ್ಮ ಮಕ್ಕಳು ಹೇಳುದ್ದ ಯಾರು ನಂಬಾರು ಅಂತ ನಾವೂ ಸುಮ್ನಿದ್ದು ಅಭ್ಯಾಸ ಆಗೋಗದೆ ಸಾ” ಎಂದರು. “ಅವಳು ಸುಮ್ನಾಗ್ನಿಲ್ಲ, ಅದೊಂದು ಒಳ್ಳೇದಾಯ್ತು.” ಆಮೇಲೆ, “ಕೂತ್ಕಳಿ, ಟೀ ಕುಡೀರಿ” ಎಂದರು. ಕೂತು ಕುಡಿದೆ.

ವರದಿಯಲ್ಲಿ ಹೊಳೆ ಗುಂಪಿನ ಪುಟವನ್ನು ನಾನು ತಿದ್ದಲಿಲ್ಲ. ಆ ವರ್ಷದಿಂದ ದೂರ ನಿಂತು ನೋಡುವ ನಿಯಮವನ್ನು ಬಿಟ್ಟಿದ್ದೇನೆ. ಬೋರ್ಡಿನ ಮೇಲೆ ಕೋಲಿನ ಚಿತ್ರ ಬರೆಯುವಾಗ ಈಗ ಇನ್ನೊಂದು ಸಾಲು ಸೇರಿಸುತ್ತೇನೆ: ನಿಮ್ಮ ಕೋಲು ಇಳಿದಿಲ್ಲ ಎಂದು ನಿಮಗೆ ಗೊತ್ತಿದ್ದರೆ, ಮೇಷ್ಟ್ರು ಹೇಳಿದರೂ ಕೀಳಬೇಡಿ.

ಇದನ್ನು ಕಂಡವರಲ್ಲಿ ಚಿಕ್ಕಣ್ಣ ಈಗಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಕಾಯಿಲೆಯಿಂದ ತೀರಿಕೊಂಡರು. ಸಾವಿತ್ರಿ ಮೇಡಂ ಬನ್ನೂರಿನ ಕಡೆಗೆ ವರ್ಗವಾಗಿ ಹೋಗಿದ್ದಾರೆ, ಕೇಳಿದರೆ ಹೇಳುತ್ತಾರೆ. ಮನು ಮತ್ತು ಗುಂಪಿನ ಉಳಿದ ನಾಲ್ವರು ನಮ್ಮೂರಿನಿಂದಲೇ ಹೈಸ್ಕೂಲಿಗೆ ಓಡಾಡುತ್ತಾರೆ. ಕಾವ್ಯ ನಂಜನಗೂಡಿನಲ್ಲಿ ಹಾಸ್ಟೆಲಿನಲ್ಲಿದ್ದು ಒಂಬತ್ತನೇ ತರಗತಿ ಓದುತ್ತಿದ್ದಾಳೆ. ನಾನು ಇಲ್ಲಿ ಬರೆದದ್ದಕ್ಕೂ ಅವಳು ಹೇಳುವುದಕ್ಕೂ ಎಲ್ಲಾದರೂ ವ್ಯತ್ಯಾಸ ಬಂದರೆ, ಅವಳದನ್ನೇ ನಂಬಿ.