ಆಲು, ಪಾಲು, ಹಾಲು

ಐವತ್ತರ ದಶಕದ ಕೊನೆಯ ಮಾತು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಶುರುವಾದ ಬಾಯಿಜಗಳ, ನಮ್ಮ ಹಳ್ಳಿಗೂ ಚಿನ್ನದ ಗಣಿ ಕೆಲಸದವರ ಸಾಲುಮನೆಗಳ ಲೈನಿಗೂ ದೊಣ್ಣೆ ಕಾಳಗವಾಗಿ ಮುಗಿಯಿತು. ಅವರು ತಮಿಳರು, ನಾವು ಕನ್ನಡದವರು. ಕೈಗೆ ಸಿಕ್ಕಿದ ನೆಪ ಅದು. ನನ್ನ ಗಂಡನ ಬಲಗೈ ಮುರಿಯಿತು. ಇನ್ನು ಲೈನಿಗೆ ಹಾಲು ಹಾಕಕೂಡದೆಂದು ಊರವರು ಕಟ್ಟುಮಾಡಿದರು. ನಮ್ಮ ಜೀವನ ನಡೆಯುತ್ತಿದ್ದದ್ದೇ ಆ ಹಾಲಿನಿಂದ. ಕೈ ಮುರಿದವರ ಮೇಲೆ ನನಗೂ ಸಿಟ್ಟಿತ್ತು. ಆದರೆ ಲೈನಿನಲ್ಲಿ ನಮ್ಮ ಎಮ್ಮೆಯ ಹಾಲು ಕುಡಿದು ಬೆಳೆಯುತ್ತಿದ್ದ ಕೂಸುಗಳಿದ್ದವು. ಅವು ಯಾರ ಕೈ ಮುರಿದಿದ್ದವು?

ಬೇತಮಂಗಲದ ಮೇಷ್ಟ್ರೊಬ್ಬರು ಎರಡೂ ಕಡೆಯವರನ್ನು ಹುಣಸೆಮರದಡಿ ಕೂರಿಸಿ ಮಾತಾಡಿಸಲು ಹೊರಟರು. ಹೆಂಗಸರನ್ನು ಯಾರೂ ಕರೆದಿರಲಿಲ್ಲ.

“ನೀನ್ಯಾಕೆ ಓಯ್ತೀಯಾ?” ಅಂದ ಗಂಡ.

“ಎಮ್ಮೆಗೇನು ಗೊತ್ತು ನಿಮ್ ಜಗಳ? ಅದು ಆಲು ಕೊಡ್ತಾನೇ ಐತೆ,” ಅಂದು ಹೊರಟೆ.

ಅಲ್ಲಿ ಗಂಡಸರು, ಯಾರು ಮೊದಲು ಕೈಯೆತ್ತಿದರು ಎಂಬುದನ್ನೇ ಜಗ್ಗಾಡುತ್ತಿದ್ದರು. ಕೇಳಿ ಕೇಳಿ ಸಾಕಾಗಿ ಎದ್ದು ನಿಂತೆ. “ನಾಳೆ ನಾನು ಆಲು ತತ್ತೀನಿ. ಯಾರು ಅಡ್ಡ ಬತ್ತೀರೋ ಬನ್ನಿ, ನೋಡೋಣ.”

ಲೈನಿನ ಒಬ್ಬ ಯುವಕ ದಡಕ್ಕನೆ ಎದ್ದ. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ನನ್ನ ‘ಆಲು’ ಅವನ ಕಿವಿಗೆ ‘ಆಳು’ ಆಗಿತ್ತು. ಇವಳು ನಾಳೆ ಆಳುಗಳನ್ನು ಕರೆತಂದು ಹೊಡೆಸುತ್ತಾಳಂತೆ ಎಂದು ತನ್ನವರಿಗೆ ತಮಿಳಿನಲ್ಲಿ ಕೂಗಿದ. ನನ್ನಂತೆಯೇ ಕರೆಯದೆ ಬಂದಿದ್ದ, ನಾನು ಹಾಲು ಹಾಕುತ್ತಿದ್ದ ಮನೆಯ ಮುದುಕಿಯೊಬ್ಬಳು, “ಪಾಲು, ಪಾಲು” ಎನ್ನುತ್ತಾ ಹಾಲು ಕರೆಯುವ ಹಾಗೆ ಬೆರಳಾಡಿಸಿದಳು. ಈಗ ನಮ್ಮವರು ಎದ್ದರು.

“ಪಾಲಾ? ಯಾತರಲ್ಲಿ ಪಾಲು ಇವ್ರಿಗೆ?”

ತಮಿಳಿನಲ್ಲೂ ತೆಲುಗಿನಲ್ಲೂ ಪಾಲೆಂದರೆ ಹಾಲು ಎಂಬುದು ನಮ್ಮೂರ ಎಳೆಮಗುವಿಗೂ ಗೊತ್ತು. ಕೋಪಕ್ಕೆ ಮಾತ್ರ ಗೊತ್ತಿರಲಿಲ್ಲ. ಮೇಷ್ಟ್ರು ಎರಡೂ ಕಡೆಗೆ ಬಿಡಿಸಿ ಹೇಳಿದರು. ಮುದುಕಿ ನಕ್ಕಳು. ಗಂಡಸರು ನಗಲಿಲ್ಲ, ಆದರೆ ಕೂತರು. ಹಾಲು ಬೇಡವೆಂದು ಅವರೂ ಅನ್ನಲಿಲ್ಲ, ಹಾಕಬೇಡವೆಂದು ನಮ್ಮವರೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಿಂದಿಗೆ ಹೊತ್ತು ಲೈನಿಗೆ ಹೋದೆ. ಬಾಗಿಲುಗಳೆಲ್ಲ ಮುಚ್ಚಿದ್ದವು. “ಪಾಲೂ” ಎಂದು ಅವರ ಮಾತಿನಲ್ಲೇ ಕೂಗಿದೆ. ಮೊದಲು ತೆರೆದದ್ದು ನಿನ್ನೆ ಎಗರಿ ಎದ್ದವನ ಬಾಗಿಲು. ಚೊಂಬು ಹಿಡಿದು ಬಂದು ನಿಂತ.

“ಅಕ್ಕಾ, ಹ... ಹಾಲು,” ಅಂದ.

ನಮ್ಮ ನಾಲಿಗೆಗೇ ಒಗ್ಗದ ಹಕಾರವನ್ನು ಯಾರ ಹತ್ತಿರ ಕಲಿತು ಬಂದಿದ್ದನೋ. ಪಾವು ಅಳೆದು, ಮೇಲೆ ಕೊಸರು ಸುರಿದೆ.