ಹೆಣ್ಣು ಹಾರ್ನ್‌ಬಿಲ್ ಬಾರದ ದಿನಗಳು

ವಿದೇಶದಲ್ಲಿರುವ ಮಗಳ ಮನೆ ಹತ್ತಿರದ ಪಾಸಿರ್ ರಿಸ್ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋದಾಗ ಕಂಡ ಹಕ್ಕಿಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಬಾರದವನ್ನೂ ಬರೆಯುತ್ತಿದ್ದೆ. ಮೈಸೂರಿನಲ್ಲಿ ಹಾಲು ಬಾರದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಅಭ್ಯಾಸ. “ಹಕ್ಕಿಗೂ ಆಬ್ಸೆಂಟ್ ಹಾಕ್ತೀಯಲ್ಲಮ್ಮ!” ಎಂದು ಮಗಳು ರೇಗಿಸುತ್ತಿದ್ದಳು.

ಒಂದು ದಿನ ಜರ್ಮನಿಯ ಪಕ್ಷಿತಜ್ಞರೊಬ್ಬರು ಮರದ ಪೊಟರೆಯನ್ನೇ ನೋಡುತ್ತ ಚಿಂತೆಯಲ್ಲಿ ನಿಂತಿದ್ದರು. ಹೆಣ್ಣು ಹಾರ್ನ್‌ಬಿಲ್ ಮೊಟ್ಟೆಯಿಡಲು ಒಳಗೆ ಸೇರಿ ಮಣ್ಣು ಮೆತ್ತಿ ಬಾಗಿಲು ಮುಚ್ಚಿಕೊಂಡಿದೆ, ಯಾವತ್ತು ಸೇರಿತೆಂದು ತಿಳಿಯದಿದ್ದರೆ ಈ ಗೂಡಿನ ಅಧ್ಯಯನವೇ ವ್ಯರ್ಥ ಎಂದರು.

ನಾನು ನೋಟ್‌ಬುಕ್ ತೆರೆದೆ. “ಹೋದ ತಿಂಗಳು ಒಂಬತ್ತರವರೆಗೆ ಜೋಡಿ ಬಂದಿದೆ. ಹತ್ತರಿಂದ ಗಂಡು ಮಾತ್ರ. ಗಂಡ ಹೆಂಡತಿ ಜಗಳ ಇರಬೇಕು ಅಂತ ಪಕ್ಕದಲ್ಲಿ ಬರೆದಿದ್ದೇನೆ.”

ಅವರು ಜೋರಾಗಿ ನಕ್ಕರು. “ಮೇಡಂ, ಇದನ್ನ ಒಂದು ವಾರ ಕೊಡ್ತೀರಾ?”

“ನಾನು ಇದನ್ನ ಯಾರ ಕೈಗೂ ಬಿಡೋದಿಲ್ಲ. ಇಲ್ಲೇ ಕೂತು ಬರ್ಕೊಳ್ಳಿ.”

ಮೂವತ್ತು ವರ್ಷ ಏಷ್ಯಾದ ಕಾಡುಗಳಲ್ಲಿ ಹಾರ್ನ್‌ಬಿಲ್‌ಗಳ ಹಿಂದೆ ಅಲೆದ ಮನುಷ್ಯ ಬೆಂಚಿನ ಮೇಲೆ ಕೂತು ವಿಧೇಯರಾಗಿ ಬರೆದುಕೊಂಡರು. ಅವರು ಬರೆದುಕೊಂಡದ್ದರಲ್ಲಿ ಎರಡು ಕಡೆ ತಾರೀಕು ತಪ್ಪಿತ್ತು. ತಿದ್ದಿಸಿಯೇ ಕಳಿಸಿದೆ.