ಹುಳಿತ ಹಣ್ಣಿನ ವಾಸನೆ

ನಮ್ಮ ಮನೆಯಲ್ಲಿ ದಿನಾ ಸಂಜೆ, ಯಾರೂ ಬಾಯಿ ಬಿಟ್ಟು ಹೇಳದ ಒಂದು ತಪಾಸಣೆ ನಡೆಯುತ್ತಿತ್ತು. ಅಪ್ಪಾಜಿ ಕಾರ್ಖಾನೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ಅಮ್ಮ ನೀರಿನ ಲೋಟ ಹಿಡಿದು ಎದುರು ನಿಲ್ಲುತ್ತಿದ್ದಳು. ಲೋಟ ತೆಗೆದುಕೊಳ್ಳುವ ಮೊದಲು ಅಪ್ಪಾಜಿ ಅವಳ ಮುಖದ ಕಡೆ ಒಮ್ಮೆ ಉಸಿರು ಬಿಡುತ್ತಿದ್ದರು. ಕುಡಿತ ಬಿಟ್ಟಾಗಿನಿಂದ ಹೀಗೇ. ಹಣೆಗೆ ವಿಭೂತಿ ಹಚ್ಚಿದ ಮನುಷ್ಯ ಹೆಂಡತಿಯ ಮುಂದೆ ಹಾಗೆ ನಿಲ್ಲುವುದನ್ನು ನೋಡಲಾಗದೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಆಗ ತೊಂಬತ್ತರ ದಶಕದ ಕೊನೆ. ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಎಂ.ಎಸ್ಸಿ. ಓದುತ್ತಿದ್ದೆ. ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಕಾಡಿನ ಯೀಸ್ಟ್. ಯೀಸ್ಟ್ ಅಂದರೆ ಬರೀ ಬೇಕರಿಯ ಪುಡಿಯಲ್ಲ, ಸಿಹಿಯನ್ನು ಹುಳಿಸಿ ಹೆಂಡ ಮಾಡುವ, ಕಣ್ಣಿಗೆ ಕಾಣದ ಜೀವಿ. ಕಾಡಿನಲ್ಲಿ ಬಿದ್ದು ಕೊಳೆಯುವ ಹಣ್ಣಿನಲ್ಲಿ, ಮರದ ಗಾಯದಿಂದ ಸೋರುವ ರಸದಲ್ಲಿ ಬಗೆಬಗೆಯ ಯೀಸ್ಟುಗಳು ಒಟ್ಟಿಗೆ ಸಂಸಾರ ಹೂಡಿರುತ್ತವೆ. ಅವಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ನೊಣ, ದುಂಬಿಗಳ ಮೈಗೆ ಅಂಟಿಕೊಂಡೋ ಹೊಟ್ಟೆ ಸೇರಿಯೋ ಮುಂದಿನ ಹಣ್ಣಿಗೆ ಹೋಗಬೇಕು. ಹಣ್ಣು ಹುಳಿತು ಹೆಂಡದ ವಾಸನೆ ಎದ್ದರೆ ಇನ್ನಷ್ಟು ಹುಳುಗಳು ಓಡಿ ಬರುತ್ತವೆ. ಯಾವ ದುಂಬಿ ಯಾವ ಯೀಸ್ಟನ್ನು ಹೊತ್ತು ತರುತ್ತದೆ ಎಂದು ನೋಡುವುದೇ ನನ್ನ ಕೆಲಸ.

ಸಕ್ರೆಬೈಲಿನ ಕಾಡಂಚಿನಲ್ಲಿ ಬಿದ್ದಿದ್ದ ಹಲಸು, ಅತ್ತಿ ಹಣ್ಣುಗಳಿಂದ ಸಾಸಿವೆ ಕಾಳಿನಷ್ಟು ಪುಟ್ಟ, ಗಟ್ಟಿ ಚಿಪ್ಪಿನ ದುಂಬಿಗಳನ್ನು ಹಿಡಿದು, ಬಾಳೆಹಣ್ಣು ಕಿವುಚಿ ಹಾಕಿದ ಬಾಟಲಿಗಳಿಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿದೆ. ಲ್ಯಾಬಿನಲ್ಲಿ ಕರೆಂಟಿನ ಕಾಟ. ಬೆಚ್ಚಗಿನ ಜಾಗ ಬೇಕಿತ್ತು. ನಮ್ಮ ನಡುಮನೆಯಲ್ಲಿ ಅಪ್ಪಾಜಿಯ ಮಂಚದ ತಲೆದೆಸೆಯ ಗೋಡೆಗೆ ಒಂದು ಶೆಲ್ಫಿತ್ತು, ಆ ಗೋಡೆಯ ಆಚೆಗೇ ಅಡುಗೆಮನೆಯ ಒಲೆ. ಬೆಚ್ಚಗಿಲ್ಲದಿದ್ದರೆ ಇವು ಸಾಯುತ್ತವೆ, ಅಲ್ಲಿಡಲಾ ಎಂದು ಅಪ್ಪಾಜಿಯನ್ನು ಕೇಳಿದೆ.

"ಇಟ್ಕೋ ಮಗಳೇ, ಓದಿಗೆ ತಾನೆ," ಎಂದರು.

ಎರಡೇ ದಿನಕ್ಕೆ ಬಾಟಲಿಗಳಲ್ಲಿ ನೊರೆ ಎದ್ದಿತು. ನನಗೋ ಖುಷಿಯೋ ಖುಷಿ. ಮನೆ ಮಾತ್ರ ಹೆಂಡದಂಗಡಿಯ ಹಾಗೆ ನಾರತೊಡಗಿತು. ಬಾಗಿಲಲ್ಲಿ ಲೋಟ ಹಿಡಿದು ನಿಂತ ಅಮ್ಮನಿಗೆ ಆ ನಾತ ಬಾಟಲಿಯದೋ ಗಂಡನದೋ ತಿಳಿಯದಾಯಿತು. ಸಾಲದ್ದಕ್ಕೆ ಅಪ್ಪಾಜಿ ಮುಖ ತೊಳೆದವರೇ ಮತ್ತೆ ಹೊರಗೆ ಹೋಗಿ ಊಟದ ಹೊತ್ತಿಗೆ ಬರತೊಡಗಿದರು. ಕೇಳಿದರೆ, "ಸುಮ್ನೆ, ಗಾಳಿಗೆ."

"ಮತ್ತೆ ಶುರು ಹಚ್ಕೊಂಡ್ರು ಕಣೇ," ಎಂದಳು ಅಮ್ಮ. "ನಿನ್ನ ಸುಡುಗಾಡು ಬಾಟ್ಲಿ ದೆಸೆಯಿಂದ ನಂಗೇನೂ ಗೊತ್ತಾಗ್ತಿಲ್ಲ. ಹಿಂದೆ ಹೋಗಿ ನೋಡ್ಕೊಂಡು ಬಾ. ಹೌದು ಅಂತಾದ್ರೆ ಈ ಸಲ ನಾನು ತಡ್ಕೊಳ್ಳಲ್ಲ, ತವರಿಗೆ ಹೋಗ್ತೀನಿ."

ಅವರು ಮತ್ತೆ ಕುಡಿಯುತ್ತಿದ್ದಾರೆ ಎಂಬುದರಲ್ಲಿ ನನಗೂ ಅನುಮಾನವಿರಲಿಲ್ಲ. ಮೈಯೆಲ್ಲ ಉರಿಯಿತು. ಹಿಂದೊಮ್ಮೆ ಅವರನ್ನು ಚರಂಡಿ ಪಕ್ಕದಿಂದ ಎತ್ತಿ ತರುವಾಗ ಕ್ವಾರ್ಟರ್ಸಿನ ಜನರೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದರು. ಅಷ್ಟು ಮಾನ ಹೋದದ್ದು ಸಾಲದೇ ಇವರಿಗೆ?

ಮಾರನೆಯ ಸಂಜೆ, ಬೈಯಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಹಿಂದೆಯೇ ಹೋದೆ. ಬ್ರಾಂದಿ ಅಂಗಡಿಯ ತಿರುವು ಬಂತು. ಅಪ್ಪಾಜಿ ಅತ್ತ ತಿರುಗದೆ ಮುಂದೆ ನಡೆದು, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಜೇಬಿನಿಂದ ಹುರಿಗಡಲೆ ತೆಗೆದು ಒಂದೊಂದೇ ತಿನ್ನತೊಡಗಿದರು. ಬಸ್ಸು ಬಂತು, ಹೋಯಿತು. ಅವರು ಏಳಲಿಲ್ಲ.

ನಾನು ಹೋಗಿ ಎದುರು ನಿಂತೆ. ಯಾಕೆ ಬಂದೆ ಎಂದು ಅಪ್ಪಾಜಿ ಕೇಳಲೂ ಇಲ್ಲ. ಎದ್ದು, ನನ್ನ ಮುಖದ ಕಡೆ ಬಾಗಿ ಉಸಿರು ಬಿಟ್ಟರು. ಬರೀ ಹುರಿಗಡಲೆಯ ವಾಸನೆ. ಅಯ್ಯೋ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಮತ್ತೆ ಇಲ್ಯಾಕೆ ಕೂತಿದೀರಿ ಅಪ್ಪಾಜಿ?"

"ನಿನ್ನ ಬಾಟ್ಲಿ ಕಣಮ್ಮ," ಎಂದರು, ನನ್ನ ಮುಖ ನೋಡದೆ. "ಬಿಟ್ಟಿದೀನಿ, ನಿಜ. ಆದ್ರೆ ಆ ವಾಸನೆ ಮೂಗಿಗೆ ಬಿದ್ರೆ ಈಗ್ಲೂ ಕುಡೀಬೇಕು ಅನ್ಸುತ್ತೆ. ರಾತ್ರಿ ಹೆಂಗೋ ಗೋಡೆ ಕಡೆ ಮುಖ ಮಾಡಿ ಮಲಗ್ತೀನಿ. ಸಂಜೆ ಮಾತ್ರ ಆಗಲ್ಲ. ಮೊದ್ಲು ಕುಡೀತಿದ್ದಿದ್ದು ಅದೇ ಹೊತ್ತಲ್ವಾ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಹೊರಗಿಡ್ತಿದ್ದೆ. ಬೆಚ್ಚಗಿಲ್ದಿದ್ರೆ ಸಾಯ್ತಾವೆ ಅಂದಿದ್ದೆಯಲ್ಲ ಮಾರಾಯ್ತಿ."

ಯಾವ ವಾಸನೆಗೆ ಯಾವ ಹುಳು ಬರುತ್ತದೆ ಎಂದು ಕ್ಲಾಸಿನಲ್ಲಿ ಪಟಪಟ ಹೇಳುತ್ತಿದ್ದವಳು ನಾನು. ಕುಡಿತ ಬಿಟ್ಟ ಅಪ್ಪನ ತಲೆದೆಸೆಗೇ ಆ ವಾಸನೆ ತಂದಿಟ್ಟಿದ್ದೇನೆಂದು ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಿಂದ ದಾರಿಯುದ್ದಕ್ಕೂ ಅವರ ಹಿಂದೆಯೇ ನಡೆದೆ.

ಮನೆಗೆ ಬಂದವಳೇ ಬಾಟಲಿಗಳನ್ನು ಹಿತ್ತಲಿಗೆ ಸಾಗಿಸಿದೆ. ವಿಷಯ ಕೇಳಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಯ ನಾತ ಹೋಯಿತು, ಅಪ್ಪಾಜಿ ಸಂಜೆ ಮನೆಯಲ್ಲೇ ಇರತೊಡಗಿದರು. ಆದರೆ ಅಂದಿನಿಂದ, ಬಾಗಿಲಲ್ಲಿ ಅಮ್ಮನ ಕಡೆ ಉಸಿರು ಬಿಟ್ಟ ಮೇಲೆ, ನಾನೆಲ್ಲಿದ್ದೇನೆಂದು ಹುಡುಕಿಕೊಂಡು ನನ್ನ ಹತ್ತಿರವೂ ಬರುತ್ತಿದ್ದರು. ಬೇಡ ಅಪ್ಪಾಜಿ, ಬೇಡ ಅಂದರೂ ಕೇಳುತ್ತಿರಲಿಲ್ಲ.

"ಇರ್ಲಿ, ನೀನೂ ನೋಡ್ಬಿಡು," ಎಂದು ಬಾಗಿ ಉಸಿರು ಬಿಡುತ್ತಿದ್ದರು.